ಸಂಗಾತಿಗಾಗಿ ಬರೆದುಕೊಡುವ ಮುಚ್ಚಳಿಕೆ

ಕೆನಡಾದ ಪೌರರು ಅಥವಾ ಅಲ್ಲಿನ ಕಾಯಂ ನಿವಾಸಿಗಳು, ಅಂದರೆ ಆಡುಮಾತಿನಲ್ಲಿ ‘ಪಿಆರ್’ ಪಡೆದವರು, ತಮ್ಮ ಪತಿ ಅಥವಾ ಪತ್ನಿಯನ್ನು ಕಾಯಂ ನಿವಾಸಿಯಾಗಿ ಕರೆಸಿಕೊಳ್ಳುವ ಸ್ಪಾನ್ಸರ್‌ಶಿಪ್ ವ್ಯವಸ್ಥೆಯು 2002ರಲ್ಲಿ ಜಾರಿಗೆ ಬಂದ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ ಅಡಿಯಲ್ಲಿ ನಡೆಯುತ್ತದೆ. ಈ ವಿಷಯವಾಗಿ ಕನ್ನಡಿಗ ಕುಟುಂಬಗಳಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಶುಲ್ಕ ಎಷ್ಟು, ವೀಸಾ ಯಾವಾಗ ಎಂಬ ಎರಡು ಪ್ರಶ್ನೆಗಳಲ್ಲೇ ಮುಗಿಯುತ್ತದೆ. ಆದರೆ ಅರ್ಜಿಯೊಡನೆ ಸಹಿ ಹಾಕಿಕೊಡುವ ಮುಚ್ಚಳಿಕೆಯ ಮುಂದೆ ಆ ಶುಲ್ಕ ಗೌಣವೆಂಬುದು, ತನ್ನ ಪತ್ನಿಗಾಗಿ ಕೆನಡಾದ ಮಿಸಿಸಾಗಾ ನಗರದಿಂದ ಇಂಥದೇ ಅರ್ಜಿ ಸಲ್ಲಿಸಿದ್ದ ಈ ಲೇಖಕನ ಖಚಿತ ಅಭಿಪ್ರಾಯವಾಗಿದೆ.

ಶುಲ್ಕದ ಲೆಕ್ಕ ಸರಳವಾದುದು. 2024ರ ಏಪ್ರಿಲ್ 30ರಂದು ಪರಿಷ್ಕೃತವಾದ ದರಪಟ್ಟಿಯಂತೆ ಸ್ಪಾನ್ಸರ್‌ಶಿಪ್ ಶುಲ್ಕ 85 ಡಾಲರ್, ಸಂಗಾತಿಯ ಅರ್ಜಿಯ ಪರಿಶೀಲನಾ ಶುಲ್ಕ 545 ಡಾಲರ್, ಕಾಯಂ ವಾಸದ ಹಕ್ಕಿನ ಶುಲ್ಕ 575 ಡಾಲರ್, ಹೀಗೆ ಒಟ್ಟು 1,205 ಕೆನಡಿಯನ್ ಡಾಲರ್ ಆಗುತ್ತಿದ್ದು, ಬೆರಳಚ್ಚು ಮತ್ತು ಭಾವಚಿತ್ರದ ಬಯೊಮೆಟ್ರಿಕ್ಸ್‌ಗೆ ಇನ್ನೂ 85 ಡಾಲರ್ ಸೇರುತ್ತಿತ್ತು. ಈ ದರಗಳು ಎರಡು ವರ್ಷಕ್ಕೊಮ್ಮೆ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ದರವನ್ನು ವಲಸೆ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಅರ್ಜಿ ತಿರಸ್ಕೃತವಾದರೆ ಕಾಯಂ ವಾಸದ ಹಕ್ಕಿನ ಶುಲ್ಕ ಮರಳಿ ಬರುತ್ತದೆ. ಪರಿಶೀಲನೆ ಆರಂಭವಾದ ಮೇಲೆ ಉಳಿದದ್ದು ಬರುವುದಿಲ್ಲ. ಇಲಾಖೆ ಗೊತ್ತುಪಡಿಸಿದ ವೈದ್ಯರಲ್ಲಿ ನಡೆಯುವ ತಪಾಸಣೆ, ಪಾಸ್‌ಪೋರ್ಟ್ ಸೇವಾ ಕೇಂದ್ರ ಕೊಡುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಕನ್ನಡದ ಕಾಗದಗಳ ಅನುವಾದ ಇವುಗಳ ಖರ್ಚು ಬೇರೆ.

ಮುಚ್ಚಳಿಕೆಯ ಸ್ವರೂಪ ಇದಕ್ಕಿಂತ ತೀರ ಭಿನ್ನವಾದುದು. ಸಂಗಾತಿ ಕಾಯಂ ನಿವಾಸಿಯಾದ ದಿನದಿಂದ ಮೂರು ವರ್ಷಗಳವರೆಗೆ ಅವರ ಅನ್ನ, ಬಟ್ಟೆ, ವಸತಿ ಮೊದಲಾದ ಮೂಲ ಅಗತ್ಯಗಳನ್ನೂ, ಸಾರ್ವಜನಿಕ ಆರೋಗ್ಯ ಸೇವೆಯ ವ್ಯಾಪ್ತಿಗೆ ಬಾರದ ದಂತ ಹಾಗೂ ಕಣ್ಣಿನ ಚಿಕಿತ್ಸೆಯಂಥ ವೆಚ್ಚಗಳನ್ನೂ ತಾನೇ ಭರಿಸುವುದಾಗಿ ಸ್ಪಾನ್ಸರ್ ಸರ್ಕಾರಕ್ಕೆ ಬರೆದುಕೊಡುತ್ತಾನೆ. ಆ ಅವಧಿಯಲ್ಲಿ ಸಂಗಾತಿಯು ‘ಸೋಷಿಯಲ್ ಅಸಿಸ್ಟೆನ್ಸ್’, ಅಂದರೆ ಪ್ರಾಂತೀಯ ಸರ್ಕಾರವು ನಿರ್ಗತಿಕರಿಗೆ ಕೊಡುವ ಜೀವನಾಧಾರದ ನೆರವು, ಪಡೆದರೆ ಆ ಮೊತ್ತವು ಸ್ಪಾನ್ಸರ್‌ನ ಸಾಲವಾಗಿ ಪರಿಣಮಿಸುತ್ತದೆ. ಕೆಲಸ ಹೋಯಿತೆಂದಾಗಲಿ, ದಂಪತಿ ಬೇರೆಯಾದರೆಂದಾಗಲಿ, ವಿಚ್ಛೇದನದ ತೀರ್ಪು ಕೈಗೆ ಬಂದಿತೆಂದಾಗಲಿ ಈ ಹೊಣೆ ರದ್ದಾಗುವುದಿಲ್ಲ. ಊರಿನ ಸಹಕಾರಿ ಸಂಘದಲ್ಲಿ ಸ್ನೇಹಿತನ ಸಾಲಕ್ಕೆ ಜಾಮೀನು ಹಾಕಿದವನು ಸ್ನೇಹ ಮುರಿದುಬಿದ್ದ ಮೇಲೂ ಕಂತು ಕಟ್ಟಬೇಕಾಗಿ ಬರುವಂತೆ, ಇಲ್ಲಿಯೂ ಸಂಬಂಧದ ಆಯುಸ್ಸಿಗೂ ಸಾಲದ ಆಯುಸ್ಸಿಗೂ ನಂಟಿಲ್ಲ. 2011ರಲ್ಲಿ ಮಾವಿ ಪ್ರಕರಣವೆಂದು ಹೆಸರಾದ ಮೊಕದ್ದಮೆಯಲ್ಲಿ, ಒಂಟಾರಿಯೊ ಪ್ರಾಂತ್ಯದ ಎಂಟು ಮಂದಿ ಸ್ಪಾನ್ಸರ್‌ಗಳು ಇಂಥ ಬಾಕಿಯನ್ನು ಪ್ರಶ್ನಿಸಿದಾಗ, ಕೆನಡಾದ ಸುಪ್ರೀಂ ಕೋರ್ಟ್ ಸರ್ಕಾರವು ವಸೂಲಿಗೆ ಮುನ್ನ ನೋಟಿಸು ಕೊಟ್ಟು ಸ್ಪಾನ್ಸರ್‌ನ ಪರಿಸ್ಥಿತಿಯನ್ನು ಆಲಿಸಬೇಕು, ವಸೂಲಿಯನ್ನು ಮುಂದೂಡಲೂಬಹುದು, ಆದರೆ ಸಾಲವನ್ನು ಮನ್ನಾ ಮಾಡುವಂತಿಲ್ಲ ಎಂದು ತೀರ್ಪಿತ್ತಿತು.

2012ರಿಂದ 2017ರವರೆಗೆ, ಹೊಸದಾಗಿ ಸಂಬಂಧ ಬೆಳೆಸಿದ್ದ ಮಕ್ಕಳಿಲ್ಲದ ದಂಪತಿಗಳು ಎರಡು ವರ್ಷ ಕೂಡಿ ಬಾಳದಿದ್ದರೆ ಬಂದ ಸಂಗಾತಿಯ ನಿವಾಸದ ಹಕ್ಕೇ ಹೋಗಬಹುದೆಂಬ ಷರತ್ತು ಇತ್ತು. ದೌರ್ಜನ್ಯ ಸಹಿಸಿಕೊಂಡು ಹೆಣ್ಣುಮಕ್ಕಳು ಮನೆಯಲ್ಲೇ ಉಳಿಯಬೇಕಾಗುತ್ತದೆಂಬ ಟೀಕೆಯ ಬಳಿಕ ಅದು ರದ್ದಾಯಿತು. ರದ್ದಾದದ್ದು ಬಂದವರ ಮೇಲಿನ ಷರತ್ತು ಮಾತ್ರ, ಕರೆಸಿದವರ ಹೊಣೆಯಲ್ಲ. ಆ ಹೊಣೆ ಉಳಿದದ್ದು ನ್ಯಾಯವೂ ಹೌದು.

ವಿಚಿತ್ರವೆಂದರೆ ಇಷ್ಟು ಭಾರದ ಜಾಮೀನಿಗೆ ಪ್ರತಿಯಾಗಿ, ತಂದೆತಾಯಿಯರ ವಿಷಯದಲ್ಲಿ ಇರುವಂಥ ಕನಿಷ್ಠ ಆದಾಯದ ಮಿತಿಯು ಸಾಮಾನ್ಯವಾಗಿ ಸಂಗಾತಿಯ ಸ್ಪಾನ್ಸರ್‌ಶಿಪ್‌ಗೆ ಇಲ್ಲ. ಸ್ಪಾನ್ಸರ್ ಸ್ವತಃ ಸೋಷಿಯಲ್ ಅಸಿಸ್ಟೆನ್ಸ್ ಪಡೆಯುತ್ತಿರಬಾರದು (ಅಂಗವೈಕಲ್ಯದ ಕಾರಣಕ್ಕೆ ಪಡೆಯುತ್ತಿದ್ದರೆ ವಿನಾಯಿತಿಯಿದೆ), ದಿವಾಳಿಯೆದ್ದು ಋಣಮುಕ್ತನಾಗದೆ ಉಳಿದಿರಬಾರದು, ಹಿಂದಿನ ಮುಚ್ಚಳಿಕೆಯ ಬಾಕಿ ಉಳಿಸಿಕೊಂಡಿರಬಾರದು ಎಂಬಂಥ ನಿಷೇಧಗಳಷ್ಟೇ ಇವೆ. ಆದಕಾರಣ ತನ್ನ ಸಂಬಳದಿಂದ ಇಬ್ಬರ ಸಂಸಾರ ನಡೆದೀತೇ ಎಂಬ ಲೆಕ್ಕವನ್ನು ಇಲಾಖೆ ಹಾಕುವುದಿಲ್ಲ, ಸ್ಪಾನ್ಸರ್ ತಾನೇ ಹಾಕಿಕೊಳ್ಳಬೇಕು. ಬಂದವರು ಕೆನಡಾದಲ್ಲಿ ತಮ್ಮ ವಿದ್ಯೆಗೆ ತಕ್ಕ ಕೆಲಸ ಹಿಡಿಯುವವರೆಗೆ ಒಂದೇ ಸಂಬಳ ಎಂದು ಎಣಿಸಿ, ಆರು ತಿಂಗಳ ಮನೆಖರ್ಚನ್ನು ಎತ್ತಿಟ್ಟ ಮೇಲೆಯೇ ಅರ್ಜಿ ಹಾಕುವುದು ಲೇಸೆಂದು ಈ ಲೇಖಕ ಭಾವಿಸುತ್ತಾನೆ.

ಕಾಯುವ ಅವಧಿಯ ಖರ್ಚು ಯಾವ ದರಪಟ್ಟಿಯಲ್ಲೂ ಕಾಣುವುದಿಲ್ಲ. ಇಲಾಖೆ ತಾನೇ ಹಾಕಿಕೊಂಡ ಗುರಿ ಹನ್ನೆರಡು ತಿಂಗಳು. ಅಷ್ಟು ಕಾಲ ಎರಡು ದೇಶಗಳಲ್ಲಿ ಎರಡು ಮನೆ ನಡೆಯುತ್ತವೆ, ನಡುವೆ ವಿಮಾನದ ಟಿಕೆಟ್ ಬೇರೆ. ಆದರೆ ಇದೇ ಖರ್ಚಿನ ದಾಖಲೆಗಳು ಮದುವೆಯ ನೈಜತೆಗೆ ಸಾಕ್ಷಿಯೂ ಆಗುತ್ತವೆ. ಹಿರಿಯರು ಗೊತ್ತುಮಾಡಿದ ಮದುವೆಯಲ್ಲಿ ವಧೂವರರು ಜೊತೆಗಿರುವ ಹಳೆಯ ಫೋಟೊಗಳು ಇರುವುದಿಲ್ಲವಾದ್ದರಿಂದ ಕಾಗದಗಳೇ ಮಾತನಾಡಬೇಕಾಗುತ್ತದೆ. ಈ ಲೇಖಕನ ಅರ್ಜಿಯಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರ, ಲಗ್ನಪತ್ರಿಕೆ, ಛತ್ರದ ರಸೀದಿ, ಪ್ರತಿ ತಿಂಗಳು ಪತ್ನಿಯ ಖಾತೆಗೆ ಹೋದ ಹಣದ ಬ್ಯಾಂಕ್ ಸ್ಟೇಟ್‌ಮೆಂಟ್ ಇವುಗಳ ಜೊತೆಗೆ, ಅಂಚಿಗೆ ಅರಿಸಿನ ಹಚ್ಚಿದ್ದ ಮುಯ್ಯಿ ಪುಸ್ತಕದ ಕೆಲವು ಪುಟಗಳೂ ಅನುವಾದ ಮತ್ತು ಅನುವಾದಕರ ಅಫಿಡವಿಟ್ ಸಮೇತ ಸೇರಿದ್ದವು. ಯಾರ ಮನೆಯಿಂದ ಯಾರು ಬಂದಿದ್ದರು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವ ದಾಖಲೆ ನಮ್ಮ ಕಡೆಯ ಮದುವೆಗಳಲ್ಲಿ ಇನ್ನೊಂದಿಲ್ಲ. ಅನುವಾದವನ್ನು ಮನೆಯವರೇ ಮಾಡುವಂತಿಲ್ಲ. ಮದುವೆಯಾದ ಮರುತಿಂಗಳ ಕೊನೆಯೊಳಗೆ ಕೆನಡಾದ ತೆರಿಗೆ ಇಲಾಖೆಗೂ ವಿಷಯ ತಿಳಿಸಿರಬೇಕು. ತೆರಿಗೆ ರಿಟರ್ನ್‌ನಲ್ಲಿ ಅವಿವಾಹಿತ, ವಲಸೆ ಅರ್ಜಿಯಲ್ಲಿ ವಿವಾಹಿತ ಎಂದಿದ್ದರೆ ಅಧಿಕಾರಿಗೆ ಅನುಮಾನ ಬಾರದೆ ಇರದು. ಶುಲ್ಕ ಪಡೆದು ಅರ್ಜಿಯ ಕೆಲಸ ಮಾಡಿಕೊಡಲು ಅರ್ಹರಾದವರು ವಕೀಲರು ಮತ್ತು ಸರ್ಕಾರ ಮಾನ್ಯ ಮಾಡಿದ, ‘ಕಾಲೇಜ್’ ಎಂದು ಕರೆಯುವ ವೃತ್ತಿನಿಯಂತ್ರಣ ಸಂಸ್ಥೆಯ ಸದಸ್ಯತ್ವವಿರುವ ವಲಸೆ ಸಲಹೆಗಾರರಂಥ ಅಧಿಕೃತರೇ ಹೊರತು, ಬೀದಿಗೊಂದು ಬೋರ್ಡು ಹಾಕಿಕೊಂಡ ಏಜೆಂಟರಲ್ಲ.

ಬರುವ ಸಂಗಾತಿಯ ಹೆಸರಿನಲ್ಲಿ ಊರಿನಲ್ಲಿರುವ ಆಸ್ತಿಯ ಬಗೆಗೂ ಯೋಚಿಸಬೇಕು. ಕೆನಡಾದ ತೆರಿಗೆ ಕಾನೂನು, ವ್ಯಕ್ತಿಯು ಅಲ್ಲಿನ ನಿವಾಸಿಯಾದ ದಿನದ ಮಾರುಕಟ್ಟೆ ಬೆಲೆಗೆ ತನ್ನ ವಿದೇಶಿ ಆಸ್ತಿಯನ್ನು ಕೊಂಡನೆಂದೇ ಪರಿಗಣಿಸುವುದರಿಂದ, ಮೈಸೂರಿನಲ್ಲೊಂದು ನಿವೇಶನವಿದ್ದರೆ ಹೊರಡುವ ಮುನ್ನ ಮಾನ್ಯ ಮೌಲ್ಯಮಾಪಕರಿಂದ ಆ ದಿನದ ಬೆಲೆಯ ವರದಿ ಪಡೆದಿಟ್ಟುಕೊಂಡರೆ, ಮುಂದೆ ಮಾರುವಾಗ ಅಷ್ಟರಮಟ್ಟಿನ ಹಳೆಯ ಏರಿಕೆಗೆ ಕೆನಡಾದಲ್ಲಿ ತೆರಿಗೆ ಬೀಳದು. ಭಾರತದ ಉಳಿತಾಯ ಖಾತೆಯನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕಾಗುತ್ತದೆ. ಪಿಪಿಎಫ್ ಖಾತೆ ಅವಧಿ ಮುಗಿಯುವವರೆಗೆ ಮುಂದುವರಿಯಬಹುದು, ಹೊಸದನ್ನು ತೆರೆಯುವಂತಿಲ್ಲ.

ಇನ್ನೊಂದು ನಿಯಮ ಅವಿವಾಹಿತ ತರುಣ ತರುಣಿಯರನ್ನು ಕುರಿತದ್ದು. ತಮ್ಮದೇ ಪಿಆರ್ ಅರ್ಜಿ ಬಾಕಿಯಿರುವಾಗ ಊರಿಗೆ ಹೋಗಿ ಮದುವೆಯಾಗಿ ಬಂದವರು, ವಲಸೆಯ ಆಯ್ಕೆಗೆ ಲೆಕ್ಕಹಾಕುವ ಅಂಕ ಕಡಿಮೆಯಾದೀತು ಅಥವಾ ಹೆಚ್ಚಿನ ಹಣ ತೋರಿಸಬೇಕಾದೀತು ಎಂಬ ಅಂಜಿಕೆಯಿಂದ ಅದನ್ನು ಮುಚ್ಚಿಡುವುದುಂಟು. ಹೀಗೆ ತಿಳಿಸದೆ, ತಪಾಸಣೆಗೂ ಒಳಪಡಿಸದೆ ಬಿಟ್ಟ ಸಂಗಾತಿಯನ್ನು ಮುಂದೆ ಕುಟುಂಬ ವರ್ಗದಲ್ಲಿ ಸ್ಪಾನ್ಸರ್ ಮಾಡಲು ವಲಸೆ ನಿಯಮಾವಳಿಯ 117ನೇ ನಿಯಮ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಜೊತೆಯಲ್ಲಿ ಬರುತ್ತಿಲ್ಲವೆಂದು ನಮೂದಿಸಲು ಅರ್ಜಿಯಲ್ಲೇ ಅವಕಾಶವಿರುವುದರಿಂದ, ಮದುವೆಯ ವಿಷಯವನ್ನು ಪಿಆರ್ ಕೈಗೆ ಬರುವ ಮುನ್ನವೇ ಇಲಾಖೆಗೆ ಬರೆದು ತಿಳಿಸತಕ್ಕದ್ದು.