ಖಟಾಯಿಗೆ ಯಾವ ಜಿಡ್ಡು, ಎಷ್ಟು?

ಹಬ್ಬ ಬಂತೆಂದರೆ ಹಳ್ಳಿಯ ಮನೆಗಳಲ್ಲಿಯೂ ನಾನ್‌ಖಟಾಯಿ ಮಾಡುವುದುಂಟು. ಮನೆಯ ತುಪ್ಪವನ್ನು ಮಾರಿ, ಅದೇ ಹಣದಿಂದ ಪೇಟೆಯ ವನಸ್ಪತಿ ತಂದು ಮಕ್ಕಳಿಗೆ ಖಟಾಯಿ ಮಾಡಿಕೊಡುವವರೂ ಇದ್ದಾರೆ. ರೈತ ಬಾಂಧವರೇ, ಅದರ ಅಗತ್ಯವಿಲ್ಲ. ತುಪ್ಪವಿಲ್ಲದಿದ್ದರೆ ಗಾಣದ ಎಣ್ಣೆಯೇ ಸಾಕು. ಅಳತೆ ಮಾತ್ರ ತಿಳಿದಿರಬೇಕು.

ಜಿಡ್ಡಿನ ಕೆಲಸವೇನು?

ಗೋಧಿ ಹಿಟ್ಟಿಗೆ ನೀರು ಸೇರಿಸಿ ನಾದಿದರೆ ಅಂಟು ಬರುತ್ತದೆ. ಚಪಾತಿಗೆ ಈ ಅಂಟು ಬೇಕು, ಖಟಾಯಿಗೆ ಬೇಡ. ಜಿಡ್ಡು ಹಿಟ್ಟಿನ ಕಣಗಳನ್ನು ಆವರಿಸಿ ಅಂಟನ್ನು ತಡೆಯುತ್ತದೆ. ಆದಕಾರಣ ಖಟಾಯಿ ಬಾಯಲ್ಲಿ ಪುಡಿಯಾಗುತ್ತದೆ. ಗಟ್ಟಿ ಜಿಡ್ಡನ್ನು ಸಕ್ಕರೆಯೊಡನೆ ಚೆನ್ನಾಗಿ ತಿಕ್ಕಿದರೆ ಗಾಳಿ ಸೇರಿ ಖಟಾಯಿ ಹಗುರವಾಗುತ್ತದೆ. ಎಣ್ಣೆಯು ಹೀಗೆ ಗಾಳಿಯನ್ನು ಹಿಡಿದಿಡಲಾರದು.

ಅಳತೆ

200 ಗ್ರಾಂ ಹಿಟ್ಟು, 100 ಗ್ರಾಂ ಸಕ್ಕರೆ ಪುಡಿ, ಒಂದು ಚಿಟಿಕೆ ಅಡಿಗೆ ಸೋಡ, ಸ್ವಲ್ಪ ಏಲಕ್ಕಿ ಪುಡಿ. ಇದಕ್ಕೆ ಜಿಡ್ಡು:

1. ತುಪ್ಪ: 100 ಗ್ರಾಂ. ಕರಗಿಸದೆ, ಗಟ್ಟಿಯಾಗಿರುವಾಗಲೇ ಉಪಯೋಗಿಸಿರಿ.

2. ಬೆಣ್ಣೆ: 125 ಗ್ರಾಂ. ಬೆಣ್ಣೆಯಲ್ಲಿ ಜಿಡ್ಡು ನೂರಕ್ಕೆ ಸುಮಾರು 80 ಭಾಗ. ಉಳಿದದ್ದು ಹೆಚ್ಚಾಗಿ ನೀರು. ಮಜ್ಜಿಗೆಯನ್ನು ಚೆನ್ನಾಗಿ ಹಿಂಡಿ ತೆಗೆಯಿರಿ. ಹಿಟ್ಟನ್ನು ಹೆಚ್ಚು ನಾದಬೇಡಿರಿ.

3. ಕಡಲೆಕಾಯಿ ಎಣ್ಣೆ ಅಥವಾ ಕುಸುಬೆ ಎಣ್ಣೆ: ಮೊದಲು 80 ಗ್ರಾಂ ಹಾಕಿರಿ. ಹಿಟ್ಟು ಮುದ್ದೆ ಕಟ್ಟದಿದ್ದರೆ ಚಮಚ ಚಮಚವಾಗಿ ಸೇರಿಸಿರಿ. ಕರಿದು ಉಳಿದ ಎಣ್ಣೆ ಬೇಡ.

4. ಕೊಬ್ಬರಿ ಎಣ್ಣೆ: ಚಳಿಯಲ್ಲಿ ಗಟ್ಟಿಯಾಗಿದ್ದರೆ ತುಪ್ಪದಂತೆ, ಬೇಸಿಗೆಯಲ್ಲಿ ತೆಳುವಾಗಿದ್ದರೆ ಎಣ್ಣೆಯಂತೆ ಬಳಸಿರಿ.

ಬೇಯಿಸುವ ಕ್ರಮ

ದಪ್ಪ ತಳದ ಪಾತ್ರೆಯಲ್ಲಿ ಎರಡು ಅಂಗುಲ ಒಣ ಮರಳು ಹಾಕಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿರಿ. ಮರಳಿನ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಖಟಾಯಿಯ ತಟ್ಟೆ ಇಡಿರಿ. ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಸಾಕು. ತಳ ನಸುಗೆಂಪಾದಾಗ ತೆಗೆಯಿರಿ. ಬಿಸಿಯಲ್ಲಿ ಮೆತ್ತಗಿದ್ದರೂ ಆರಿದ ಮೇಲೆ ಗಟ್ಟಿಯಾಗುತ್ತದೆ. ಮೊದಲ ಸಲ ಅರ್ಧ ಅಳತೆಯಲ್ಲಿ ಮಾಡಿ ನೋಡಿರಿ.

ವನಸ್ಪತಿ ಏಕೆ ಬೇಡ?

ಎಣ್ಣೆಗೆ ಜಲಜನಕ ಸೇರಿಸಿ ಗಟ್ಟಿ ಮಾಡಿದ್ದೇ ವನಸ್ಪತಿ. ಈ ಕ್ರಮದಲ್ಲಿ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಇದು ನೂರಕ್ಕೆ 2 ಭಾಗ ಮೀರಬಾರದೆಂಬ ನಿಯಮವಿದೆ. ಚೀಟಿಯಿಲ್ಲದೆ ಬಿಡಿಯಾಗಿ ಮಾರುವುದರಲ್ಲಿ ಎಷ್ಟಿದೆಯೆಂದು ಕೊಳ್ಳುವವರಿಗೆ ತಿಳಿಯದು. ಹಾಗೆಂದು ತುಪ್ಪ, ಎಣ್ಣೆಗಳನ್ನೂ ಮಿತಿಮೀರಿ ತಿನ್ನಬಾರದು. ಯಾವ ಜಿಡ್ಡಾದರೂ ಗ್ರಾಂ ಒಂದಕ್ಕೆ ಸುಮಾರು 9 ಕ್ಯಾಲೊರಿ. ಮಕ್ಕಳಿಗೆ ಒಂದೆರಡು ಖಟಾಯಿ ಸಾಕು.

ಅಭ್ಯಾಸ: 250 ಗ್ರಾಂ ಬೆಣ್ಣೆ ಬೇಕಾದ ಕಡೆ ತುಪ್ಪ ಎಷ್ಟು ಹಾಕಬೇಕು? (ಉತ್ತರ: 200 ಗ್ರಾಂ.)