ವಾಚಿನ ಲೆಕ್ಕಕ್ಕೆ ಊಟ ಬಿಡಬೇಡಿ

ಪ್ರಶ್ನೆ: ನನಗೆ 34 ವರ್ಷ. ಎತ್ತರ 155 ಸೆಂ.ಮೀ., ತೂಕ 61 ಕೆ.ಜಿ. ಊರು ದೇವನೂರು, ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ. ಯುಗಾದಿಗೆ ನನ್ನ ಗಂಡ ಸ್ಮಾರ್ಟ್ ವಾಚ್ ಕೊಡಿಸಿದರು. ದಿನಕ್ಕೆ 2,300 ಕ್ಯಾಲೊರಿ ಖರ್ಚಾಗುತ್ತಿದೆ ಎಂದು ಅದು ತೋರಿಸುತ್ತದೆ. ನಾನು ತಿನ್ನುವುದು, ಮೊಬೈಲಿನಲ್ಲಿ ಬರೆದಿಟ್ಟ ಪ್ರಕಾರ, 1,500. ನಾಲ್ಕು ತಿಂಗಳಾದರೂ ತೂಕ ಅಲ್ಲಾಡಿಲ್ಲ. ಥೈರಾಯ್ಡ್ ಸರಿಯಿದೆ. ಕದ್ದು ತಿನ್ನುತ್ತೀಯ ಎಂದು ಗಂಡ ಹಾಸ್ಯ ಮಾಡುತ್ತಾರೆ. ವಾಚಿನ ಅಂಕಿ ತುಂಬದ ದಿನ ಈಗ ರಾತ್ರಿ ಊಟ ಬಿಡುತ್ತಿದ್ದೇನೆ. ಮಠದ ದಾಸೋಹದಲ್ಲಿ ಪಾಯಸ ಬಡಿಸಲು ಬಂದಾಗ ಎದ್ದುಬಿಟ್ಟೆ. ಒಂದು ದಿನ ವಾಚನ್ನು ಅತ್ತೆಗೆ ಕಟ್ಟಿ ನೋಡಿದೆ. ಇಡೀ ದಿನ ಕಳೆ ಕಿತ್ತು, ಹುಲ್ಲಿನ ಹೊರೆ ಹೊತ್ತು ಬಂದ ಅವರಿಗೆ ನನಗಿಂತ ಕಡಿಮೆ ತೋರಿಸಿತು! ನನ್ನ ಮೈಯಲ್ಲೇ ಏನಾದರೂ ದೋಷವಿದೆಯೇ?

ಉತ್ತರ: ನೀವು ಬರೆದದ್ದರಲ್ಲಿ ನಿಮ್ಮ ಮೈಯ ದೋಷ ನನಗೆ ಕಾಣಲಿಲ್ಲ. ಕದ್ದು ತಿನ್ನುವ ಮಾತೂ ಬೇಡ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಅತ್ತೆಯ ದುಡಿಮೆಯಲ್ಲೇ ಇದೆ.

ವಾಚು ಕ್ಯಾಲೊರಿಯನ್ನು ಅಳೆಯುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ಮುಖ್ಯವಾಗಿ ಎರಡು ಸಂಗತಿ: ಹಸಿರು ಬೆಳಕು ಬಿಟ್ಟು ಹಿಡಿಯುವ ನಾಡಿಬಡಿತ, ಮತ್ತು ಮಣಿಕಟ್ಟು ಅಲುಗಾಡಿದ್ದು. ಇವಕ್ಕೆ ನೀವು ತುಂಬಿಸಿದ ವಯಸ್ಸು, ತೂಕ, ಎತ್ತರ ಸೇರಿಸಿ ಸೂತ್ರವೊಂದರಿಂದ ಊಹಿಸುತ್ತದೆ. ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವಾಗ ಹೆಜ್ಜೆಯೇ ಬೀಳುವುದಿಲ್ಲ. ತಲೆಯ ಮೇಲಿನ ಹೊರೆಯನ್ನು ಕೈಯೆತ್ತಿ ಹಿಡಿದು ನಡೆದರೆ ಮಣಿಕಟ್ಟು ಅಲುಗುವುದಿಲ್ಲ, ಹೊರೆಯ ಭಾರವಂತೂ ವಾಚಿಗೆ ತಿಳಿಯುವುದೇ ಇಲ್ಲ. ಅತ್ತೆಗೆ ಕಟ್ಟುವಾಗ ನಿಮ್ಮ ವಯಸ್ಸು, ತೂಕವನ್ನು ಬದಲಿಸಿರಲಿಕ್ಕೂ ಇಲ್ಲ. ಬಳೆಗಳ ನಡುವೆ ವಾಚು ಸಡಿಲವಾಗಿ ಕುಣಿಯುತ್ತಿದ್ದರೆ ಬೆಳಕು ಸೋರಿ ನಾಡಿಯೂ ತಪ್ಪುತ್ತದೆ. ಅದೇ ನೀವು ಮುದ್ದೆ ತೊಳಸಿದರೆ, ಹಳ್ಳಬಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸಿದರೆ, ಬಿಟ್ಟಿ ಹೆಜ್ಜೆಗಳು ಜಮೆಯಾಗುವುದುಂಟು.

ಇದು ಅಗ್ಗದ ವಾಚುಗಳ ಹಣೆಬರಹ ಮಾತ್ರವಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ 60 ಜನರ ಕೈಗೆ ಏಳು ಹೆಸರಾಂತ ಸಾಧನಗಳನ್ನು ಕಟ್ಟಿ ನಡೆಸಿ, ಓಡಿಸಿ, ಸೈಕಲ್ ತುಳಿಸಿ, ಉಸಿರಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡ್ ಅಳೆದು ತಾಳೆ ನೋಡಿದರು. ಏಳರಲ್ಲಿ ಆರು ಸಾಧನಗಳು ನಾಡಿಬಡಿತವನ್ನು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದೇ ಸರಾಸರಿ ಶೇ. 27ರಷ್ಟು ತಪ್ಪಿತು, ಕೆಟ್ಟದ್ದು ಶೇ. 93ರಷ್ಟು. ಆಮೇಲೆ ಹೊಸ ಮಾದರಿಗಳು ಬಂದಿವೆ, ನಿಜ. ಊಹೆ ಊಹೆಯಾಗಿಯೇ ಉಳಿದಿದೆ.

ನಮ್ಮವರಿಗೆ ಇನ್ನೊಂದು ತೊಡಕಿದೆ. ಸುಮ್ಮನೆ ಮಲಗಿದ್ದರೂ ದೇಹ ಸುಡುವ ಶಕ್ತಿಯನ್ನು ಲೆಕ್ಕಹಾಕುವ ಪ್ರಸಿದ್ಧ ಸೂತ್ರಗಳು ಬಹುಪಾಲು ಯುರೋಪಿನವರ ಅಳತೆಗಳಿಂದ ಹುಟ್ಟಿದವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಮಾರಿಯೋ ಸೋರೆಸ್ 1980ರ ದಶಕದಲ್ಲೇ ಭಾರತೀಯರನ್ನು ಅಳೆದು, ಈ ಸೂತ್ರಗಳು ನಮ್ಮಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ ಎಂದು ಕಂಡುಕೊಂಡರು. ಅದೇ ತೂಕದಲ್ಲಿ ನಮಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವುದು ಇದಕ್ಕೊಂದು ಕಾರಣವಿರಬಹುದು. ನಿಮ್ಮ ಪಕ್ಕದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ (ನಮ್ಮ ಜನರ ಮಿಷನ್ ಆಸ್ಪತ್ರೆ) 1990ರ ದಶಕದ ಕೊನೆಯಲ್ಲಿ ಹುಟ್ಟಿದ ಕೂಸುಗಳನ್ನು ಅಳೆದಾಗಲೂ, ತೂಕ ಕಡಿಮೆಯಿದ್ದರೂ ಮೈಯ ನಡುಭಾಗದಲ್ಲಿ ಚರ್ಮದಡಿಯ ಕೊಬ್ಬು ಅಷ್ಟು ಕಡಿಮೆಯಿರಲಿಲ್ಲ. ನಿಮ್ಮ ವಾಚಿನ ಕಂಪನಿ ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದೆಯೆಂದು ನಾನಂತೂ ನಂಬಿ ಕೂರುವುದಿಲ್ಲ.

ಈಗ ನಿಮ್ಮ ಅಂಕಿಗಳಿಗೆ ಬರೋಣ. ನಾಲ್ಕು ತಿಂಗಳು ತೂಕ ನಿಂತಲ್ಲೇ ನಿಂತಿದೆ ಎಂದರೆ ತಿಂದದ್ದೂ ಖರ್ಚಾದದ್ದೂ ಸಮ ಎಂದೇ ಅರ್ಥ. ಯಾವ ವಾಚಿಗಿಂತಲೂ ನಂಬಬಹುದಾದ ಅಳತೆ ಅದು. ನನ್ನ ಅಂದಾಜಿನಲ್ಲಿ ಎರಡೂ 1,800-1,900ರ ಆಸುಪಾಸಿನಲ್ಲಿವೆ. ಅಂದರೆ ವಾಚು ಮೇಲಕ್ಕೆ ತಪ್ಪಿದೆ, ಮೊಬೈಲಿನ ಪಟ್ಟಿ ಕೆಳಕ್ಕೆ. ಪಟ್ಟಿಯಲ್ಲಿ ‘ಒಂದು ಮುದ್ದೆ’ ಎಂದಿರುತ್ತದೆ, ಆದರೆ ಯಾರ ಮನೆಯ ಮುದ್ದೆ? 100 ಗ್ರಾಂ ರಾಗಿ ಹಿಟ್ಟೆಂದರೆ ಸುಮಾರು 320 ಕ್ಯಾಲೊರಿ. ನಂಜನಗೂಡು ಸೀಮೆಯ ಮುದ್ದೆಗೆ ಎಷ್ಟು ಹಿಟ್ಟು ಹೋಗುತ್ತದೆಂದು ನಿಮಗೇ ಗೊತ್ತು. ಒಗ್ಗರಣೆಗೆ ಹಾಕುವ ಒಂದು ದೊಡ್ಡ ಚಮಚ ಎಣ್ಣೆಯೇ 120. ಒಂದು ಗಂಟೆ ಚುರುಕಾಗಿ ನಡೆದರೆ ನಿಮ್ಮ ತೂಕಕ್ಕೆ ಸುಮಾರು 200-250. ಅದರಲ್ಲೂ ಸುಮಾರು 60 ಸುಮ್ಮನೆ ಕೂತಿದ್ದರೂ ಖರ್ಚಾಗುವಂಥದ್ದು. ಈ ನಡಿಗೆಯ ಅಂಕಿಯನ್ನು ಮೊಬೈಲು ‘ಇನ್ನಿಷ್ಟು ತಿನ್ನಬಹುದು’ ಎಂದು ಸೇರಿಸುತ್ತಿದ್ದರೆ ಆ ಲೆಕ್ಕವನ್ನು ಇವತ್ತೇ ನಿಲ್ಲಿಸಿ.

ವಾಚನ್ನು ಎಸೆಯಬೇಕಿಲ್ಲ. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ, ಬಳೆಗೆ ತಾಗದಂತೆ ಬಿಗಿಯಾಗಿ ಕಟ್ಟಿ. ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ನಡೆದಾಗ ನಾಡಿ ಹೋದ ತಿಂಗಳಿಗಿಂತ ಇಳಿದಿದೆಯೇ, ಅಷ್ಟು ನೋಡಿ. ಕ್ಯಾಲೊರಿಯ ಅಂಕಿಯನ್ನು ಮಾತ್ರ ಪರದೆಯಿಂದ ತೆಗೆದುಹಾಕಿ. ವಾರಕ್ಕೊಮ್ಮೆ ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ತೂಕ ನೋಡಿ, ದರ್ಜಿಯ ಟೇಪಿನಿಂದ ಹೊಟ್ಟೆಯ ಸುತ್ತಳತೆ ಬರೆದಿಡಿ. ನಮ್ಮ ಹೆಂಗಸರಿಗೆ 80 ಸೆಂ.ಮೀ. ಒಳಗಿದ್ದರೆ ಒಳ್ಳೆಯದು. ಮುದ್ದೆಯನ್ನು ಸ್ವಲ್ಪ ಚಿಕ್ಕದು ಮಾಡಿ, ಹುರುಳಿ, ಕಾಳು, ಸೊಪ್ಪು, ತಿನ್ನುವುದಾದರೆ ಮೊಟ್ಟೆ, ಇವನ್ನು ಹೆಚ್ಚಿಸಿ. ವಾರಕ್ಕೆರಡು ದಿನ ತುಸು ಭಾರ ಎತ್ತುವ ವ್ಯಾಯಾಮ ಮಾಡಿ.

ನನ್ನನ್ನು ಚಿಂತೆಗೆ ಹಚ್ಚಿದ್ದು ನಿಮ್ಮ ತೂಕವಲ್ಲ, ಬಿಟ್ಟ ಊಟ ಮತ್ತು ಬಿಟ್ಟೆದ್ದ ಪಂಕ್ತಿ. ವರ್ಷಕ್ಕೆರಡು ಸಲ ಉಣ್ಣುವ ದಾಸೋಹದ ಪಾಯಸದಿಂದ ಯಾರ ತೂಕವೂ ಏರುವುದಿಲ್ಲ. ಇನ್ನು ರಾತ್ರಿ ಊಟ ಬಿಡಬೇಡಿ. ಅಂಕಿ ತುಂಬದೆ ನಿದ್ದೆ ಬಾರದಿದ್ದರೆ, ತಿಂದ ಮೇಲೆ ತಪ್ಪು ಮಾಡಿದಂತೆ ಅನಿಸಿದರೆ, ಒಂದು ತಿಂಗಳು ವಾಚನ್ನು ಬೀರುವಿನಲ್ಲಿಡಿ. ಮುಟ್ಟು ಏರುಪೇರಾಗಿದ್ದರೆ, ತಲೆ ಸುತ್ತುತ್ತಿದ್ದರೆ, ಕೂದಲು ಹಿಡಿಹಿಡಿಯಾಗಿ ಉದುರುತ್ತಿದ್ದರೆ ನಂಜನಗೂಡಿನ ಆಸ್ಪತ್ರೆಯಲ್ಲಿ ವೈದ್ಯರನ್ನು ಕಂಡು ರಕ್ತಹೀನತೆ, ಸಕ್ಕರೆ ಎರಡನ್ನೂ ಪರೀಕ್ಷಿಸಿಕೊಳ್ಳಿ. ಊಟ ಬಿಡುತ್ತಿರುವ ವಿಷಯವನ್ನು ಅವರಿಗೆ ಮುಚ್ಚಿಡಬೇಡಿ.