ಮೊಬೈಲಿಗೆ ಬೈಯುವ ಮುನ್ನ ವೀರ್ಯ ಪರೀಕ್ಷೆ ಮಾಡಿಸಿ

ಮದುವೆಯಾಗಿ ವರ್ಷ ಕಳೆದರೂ ಮಕ್ಕಳಾಗಲಿಲ್ಲವೆಂದರೆ ನಮ್ಮ ಸೇಡಂ, ಚಿತ್ತಾಪುರ ಕಡೆ ಸೊಸೆಯನ್ನು ದವಾಖಾನೆಗೆ ಕರೆದೊಯ್ಯುತ್ತಾರೆ. ಮಗನ ಕಿಸೆಯಲ್ಲಿರುವ ಮೊಬೈಲಿಗೆ ಬೈಯುತ್ತಾರೆ. ಮಗನ ಪರೀಕ್ಷೆ ಮಾತ್ರ ಆಗುವುದೇ ಇಲ್ಲ.

2023ರಲ್ಲಿ ಸ್ವಿಟ್ಜರ್ಲೆಂಡಿನ 2,886 ಯುವಕರ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ 20ಕ್ಕಿಂತ ಹೆಚ್ಚು ಸಲ ಫೋನ್ ಬಳಸುವವರಲ್ಲಿ ವೀರ್ಯಾಣು ಕಡಿಮೆಯಿದ್ದವು. ಆದರೆ ಪ್ಯಾಂಟಿನ ಕಿಸೆಯಲ್ಲಿ ಇಡುವುದಕ್ಕೂ ಅದಕ್ಕೂ ನಂಟು ಕಾಣಲಿಲ್ಲ. ಫೋನೇ ಕಾರಣವೆಂದು ಇದರಿಂದ ಸಾಬೀತಾಗದು. ಹಾಗಾದರೆ ಮಾಡಬೇಕಾದ್ದೇನು?

1. ಫೋನು ದೂರವಿಡಿ. ಖರ್ಚಿಲ್ಲದ ಎಚ್ಚರಿಕೆ, ಇರಲಿ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಹೆಚ್ಚು ಶಕ್ತಿ ಹೊರಸೂಸುತ್ತದೆ. ಚಿಂಚೋಳಿಯ ಕಾಡಿನಲ್ಲಿ, ಫರ್ಸಿ ಗಣಿಯ ತಳದಲ್ಲಿ ಅದು ಚೀಲದಲ್ಲಿರಲಿ. ವಿಕಿರಣ ತಡೆಯುವ ಸ್ಟಿಕರ್ ಎಂದು ಮಾರುವುದಕ್ಕೆ ದುಡ್ಡು ಸುರಿಯಬೇಡಿ.

2. ಕಾವು ತಪ್ಪಿಸಿ. ವೃಷಣಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಸಿಮೆಂಟ್ ಕಾರ್ಖಾನೆಯ ಭಟ್ಟಿಯ ಬಳಿ ದುಡಿಯುವವರು ಅದನ್ನು ವೈದ್ಯರಿಗೆ ಹೇಳಿ. ಬಿಗಿ ಜೀನ್ಸ್, ಗುಟ್ಕಾ, ಸಿಗರೇಟು ಬಿಡಿ.

3. ಪರೀಕ್ಷೆಗೆ ಹೋಗಿ. ಎಡವುವುದು ಇಲ್ಲೇ. ವೀರ್ಯ ಕೊಡುವ ಮುನ್ನ 2ರಿಂದ 7 ದಿನ ಸಂಯಮ ಸಾಕು. ಹದಿನೈದು ದಿನ ಕೂಡಿಟ್ಟರೆ ವರದಿ ಚೆನ್ನಾಗಿ ಬರುತ್ತದೆಂಬುದು ಸುಳ್ಳು. ಸಾಧ್ಯವಾದಷ್ಟು ಲ್ಯಾಬಿನ ಕೋಣೆಯಲ್ಲೇ ಕೊಡಿ. ಮನೆಯಲ್ಲಿ ಹಿಡಿದದ್ದು ಒಂದು ಗಂಟೆಯೊಳಗೆ, ಮೈಯ ಬಿಸುಪಿನಲ್ಲೇ ತಲುಪಬೇಕು. ಸನ್ನತಿಯಲ್ಲಿ ಡಬ್ಬಿ ಹಿಡಿದು ಬಸ್ ಕಾಯುತ್ತಾ ನಿಂತರೆ ಕಲಬುರಗಿ ಮುಟ್ಟುವಷ್ಟರಲ್ಲಿ ಅದು ವ್ಯರ್ಥ. ಬೈಕಿನ ಡಿಕ್ಕಿಯಲ್ಲಿಟ್ಟರೆ ಬೇಯುತ್ತದೆ, ಐಸಿನಲ್ಲಿಟ್ಟರೆ ವೀರ್ಯಾಣು ನಿಶ್ಚಲವಾಗುತ್ತವೆ. ಸೋಪು, ಎಣ್ಣೆ, ಎಂಜಲು, ಸಾಮಾನ್ಯ ಕಾಂಡೋಮ್ ಯಾವುದೂ ಬೇಡ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅವು ಚೆಲ್ಲಿಹೋಗಿದ್ದರೆ ನಾಚದೆ ಹೇಳಿ. ಕಳೆದ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೆ ಅದನ್ನೂ.

4. ವರದಿ ನೋಡಿ ಹೆದರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು. ಅದಕ್ಕಿಂತ ಕಡಿಮೆಯಾದರೆ ಬಂಜೆತನವೆಂದಲ್ಲ. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಚಟ ಬಿಟ್ಟು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿ. ಬೀಜದ ಚೀಲದ ನರ ಉಬ್ಬಿದ್ದರೆ ಮೂತ್ರಾಂಗ ತಜ್ಞರಿಗೆ ತೋರಿಸಿ.

5. ಶಕ್ತಿ ಬರಲೆಂದು ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಬೇಡ; ಅದು ವೀರ್ಯಾಣು ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಹೆಂಡತಿಗೆ 35 ದಾಟಿದ್ದರೆ ವರ್ಷ ಕಾಯದೆ ಆರು ತಿಂಗಳಿಗೇ ಇಬ್ಬರೂ ವೈದ್ಯರ ಬಳಿ ಹೋಗಿ.